ಓಹಾಯೋದಲ್ಲಿ ‘ಸರ್ವೆಂಟ್’ ಎಂಬ ಶಬ್ದ

ಅಮೆರಿಕದಲ್ಲಿ ನೆಲಸಿದ್ದ ಆಂಗ್ಲರು ಆ ದೇಶವನ್ನು ಕುರಿತು ಬರೆದ ಗ್ರಂಥಗಳಲ್ಲಿ ಫ್ರಾನ್ಸಸ್ ಟ್ರಾಲಪ್ 1832ರಲ್ಲಿ ಪ್ರಕಟಿಸಿದ ಪುಸ್ತಕವು ಅಮೆರಿಕನ್ನರ ಕೋಪಕ್ಕೆ ಬಹುವಾಗಿ ಗುರಿಯಾದುದು. 1828ರಿಂದ ಸುಮಾರು ಎರಡು ವರ್ಷ ಸಿನ್ಸಿನಾಟಿಯಲ್ಲಿದ್ದ ಈಕೆಯು ಅಲ್ಲಿಯವರ ತಂಬಾಕಿನ ಉಗುಳನ್ನೂ ಮಾತಿಲ್ಲದ ಅವಸರದ ಊಟವನ್ನೂ ಹಳಿದುದು ಪ್ರಸಿದ್ಧವೇ ಆಗಿದೆ. ಮನೆಗೆಲಸದವರನ್ನು ಕುರಿತ ಆಕೆಯ ಮಾತುಗಳು ಅದಕ್ಕಿಂತ ವಿಚಾರಾರ್ಹವೆಂದು ನಮ್ಮ ಅಭಿಪ್ರಾಯ.

ಆಗ ಇಂಗ್ಲೆಂಡಿನಲ್ಲಿ ‘ಸರ್ವೆಂಟ್’ ಎಂಬುದು ನಿತ್ಯವ್ಯವಹಾರದ ಶಬ್ದವಾಗಿದ್ದಿತು. ಓಹಾಯೋದ ಹುಡುಗಿಯರಾದರೋ ಅದನ್ನು ಸಹಿಸುತ್ತಿರಲಿಲ್ಲ. ಅಲ್ಲಿ ಅವರಿಗೆ ‘ಹೆಲ್ಪ್’, ಎಂದರೆ ನೆರವು, ಎಂಬ ಹೆಸರಿದ್ದಿತು. ಅಡಿಗೆಮನೆಯಲ್ಲಿಯೇ ಉಣ್ಣಬೇಕೆಂದುದಕ್ಕೆ ಒಬ್ಬಳು ನೊಂದುಕೊಂಡಳಂತೆ.

ಟ್ರಾಲಪ್‌ಗೆ ಇದು ಉದ್ಧಟತನವೆನಿಸಿತು. ಆದರೆ ನದಿಯಾಚೆಯ ಕೆಂಟಕಿಯಲ್ಲಿ ಒಡೆಯರು ತಮ್ಮ ಗುಲಾಮರನ್ನೇ ‘ಸರ್ವೆಂಟ್’ ಎನ್ನುತ್ತಿದ್ದರು. ಓಹಾಯೋದ ಸಂವಿಧಾನವು 1802ರಲ್ಲಿಯೇ ಗುಲಾಮಗಿರಿಯನ್ನು ನಿಷೇಧಿಸಿದ್ದಿತು. ಅಂತಹ ಗಡಿಯಲ್ಲಿ ಕೂಲಿಗೆ ದುಡಿಯುವ ಸ್ವತಂತ್ರಳು ಆ ಹೆಸರಿಗೆ ಬೆದರುವುದು ಸಹಜ.

ಈ ಸ್ವಾಭಿಮಾನಕ್ಕೂ ಬಣ್ಣದ ಎಲ್ಲೆಯಿದ್ದಿತೆಂಬುದನ್ನು ಮರೆಯಲಾಗದು. ಸಮತೆಯನ್ನು ಸಾರುತ್ತ ಗುಲಾಮರನ್ನಿಟ್ಟುಕೊಂಡವರನ್ನು ಟ್ರಾಲಪ್ ಕಟುವಾಗಿ ಖಂಡಿಸಿದ್ದಾಳೆ. ಆಕೆಯ ಟೀಕಾಕಾರರು ಈ ಭಾಗವನ್ನು ಓದಿದಂತೆ ತೋರುವುದಿಲ್ಲ. ಆಕೆ ಸಿನ್ಸಿನಾಟಿಯಲ್ಲಿದ್ದಾಗಲೇ, 1829ರಲ್ಲಿ, ಬಿಳಿಯರ ಗುಂಪುಗಳು ಕರಿಯರ ವಸತಿಗಳ ಮೇಲೆ ದಾಳಿ ಮಾಡಿದವು. ನೂರಾರು ಮಂದಿ ಸ್ವತಂತ್ರ ಕರಿಯರು ನಗರವನ್ನು ತೊರೆದರು, ಕೆಲವರು ಕೆನಡಕ್ಕೆ ಹೋಗಿ ನೆಲಸಿದರು.