ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಶಾಲೆಯ ಶಿಕ್ಷಕ

ಡಿಸೆಂಬರ್ ಬಂತೆಂದರೆ ಮುಂಬಯಿಯ ಶಾಲೆಗಳಲ್ಲಿ ಪ್ರವಾಸದ ಸಡಗರ. ಸಮವಸ್ತ್ರ ತೊಟ್ಟು, ಹೆಗಲಿಗೆ ನೀರಿನ ಬಾಟಲಿ ತೂಗುಹಾಕಿಕೊಂಡು, ಇಬ್ಬಿಬ್ಬರಾಗಿ ಕೈಹಿಡಿದು ಸಾಗುವ ಮಕ್ಕಳ ಸಾಲು ಕಾಳಾ ಘೋಡಾದ ಪರಿಸರದಲ್ಲಿ ಆಗಾಗ ಕಾಣಸಿಗುವ ನೋಟ. ಬೆಳಿಗ್ಗೆ ಗೇಟ್‌ವೇ ಆಫ್ ಇಂಡಿಯಾ, ಆಮೇಲೆ ವಸ್ತುಸಂಗ್ರಹಾಲಯ, ಮಧ್ಯಾಹ್ನ ಮರದ ನೆರಳಲ್ಲಿ ಬುತ್ತಿ, ಸಂಜೆಗೆ ಚೌಪಾಟಿ. ಈ ಕಾರ್ಯಕ್ರಮದಲ್ಲಿ ವಸ್ತುಸಂಗ್ರಹಾಲಯದ ಪಾಲಿಗೆ ಬರುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಮಕ್ಕಳ ಕಿವಿಗೆ ಬೀಳುವ ಉಪದೇಶವೂ ಮೂರೇ ಮಾತಿನದು: ಮುಟ್ಟಬೇಡ, ಓಡಬೇಡ, ಸಾಲು ಬಿಡಬೇಡ.

ಮರುದಿನ ತರಗತಿಯಲ್ಲಿ "ನಾವು ಕೈಗೊಂಡ ಪ್ರವಾಸ" ಎಂಬ ಪ್ರಬಂಧ. ಅಲ್ಲಿ ಏನು ಕಂಡಿರಿ ಎಂದು ಕೇಳಿದರೆ, "ತುಂಬ ಹಳೆಯ ಸಾಮಾನುಗಳು" ಎಂಬ ಉತ್ತರ. ಲೆಕ್ಕದ ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಬಸ್ಸಿನ ಬಾಡಿಗೆ, ತಿಂಡಿಯ ವೆಚ್ಚ, ಒಂದು ದಿನದ ಪಾಠ ಎಲ್ಲವೂ ಖರ್ಚಿನ ಬದಿಯಲ್ಲಿವೆ. ಜಮೆಯ ಬದಿ ಮಾತ್ರ ಬರಿದು. ಈ ನಷ್ಟಕ್ಕೆ ಮಕ್ಕಳು ಕಾರಣರಲ್ಲ. ವಸ್ತುಸಂಗ್ರಹಾಲಯಕ್ಕೆ ತನ್ನ ವಸ್ತುಗಳು ಗೊತ್ತು, ಎದುರಿಗೆ ನಿಂತ ಮಗು ಗೊತ್ತಿಲ್ಲ. ಶಿಕ್ಷಕನಿಗೆ ಮಗು ಗೊತ್ತು, ವಸ್ತುಗಳು ಗೊತ್ತಿಲ್ಲ. ಇವರಿಬ್ಬರೂ ಮೊದಲೇ ಕುಳಿತು ಮಾತನಾಡಿಕೊಂಡರಷ್ಟೇ ಗಾಜಿನ ಪೆಟ್ಟಿಗೆಯೊಳಗಿನ ವಸ್ತು ಬಾಯಿ ಬಿಡುತ್ತದೆ.

ಹಳೆಯ ಕಟ್ಟಡ, ಹಳೆಯ ಪ್ರಯತ್ನ

ಮುಂಬಯಿಗೆ ಈ ವಿಚಾರ ಹೊಸತೇನಲ್ಲ. ಇಂದು ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯವೆಂದು ಕರೆಯಲಾಗುವ, 1998ರವರೆಗೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂಬ ಹೆಸರಿದ್ದ ಸಂಸ್ಥೆಯ ಅಸ್ತಿಭಾರ ಶಿಲೆಯನ್ನು ಇರಿಸಿದ್ದು 1905ರ ನವೆಂಬರ್ 11ರಂದು. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ರೂಪಿಸಿದ ಈ ಕಟ್ಟಡ 1914ರ ಹೊತ್ತಿಗೆ ಸಿದ್ಧವಾಯಿತು. ಆದರೆ ಮೊದಲನೆಯ ಮಹಾಯುದ್ಧ ಅಡ್ಡ ಬಂತು. ಶಿಲ್ಪಗಳು ಕೂಡಬೇಕಾಗಿದ್ದ ಆವರಣದಲ್ಲಿ ಗಾಯಾಳು ಸೈನಿಕರ ಮಂಚಗಳು ಬಂದವು. ಶಿಶುಕಲ್ಯಾಣ ಪ್ರದರ್ಶನಗಳೂ ನಡೆದವು. ಕೊನೆಗೆ 1922ರ ಜನವರಿ 10ರಂದು ಅದು ಸಾರ್ವಜನಿಕರಿಗೆ ತೆರೆಯಿತು.

ಅಲ್ಲಿನ ನಿಸರ್ಗ ವಿಭಾಗವನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಹಕಾರದಿಂದ ಕಟ್ಟಲಾಯಿತು. 1926ರಲ್ಲಿ ಈ ವಿಭಾಗಕ್ಕೆ ಒಬ್ಬ ಮಾರ್ಗದರ್ಶಕ ಉಪನ್ಯಾಸಕನನ್ನು ನೇಮಿಸಿಕೊಂಡರು. ಬಂದವರಿಗೆ, ವಿಶೇಷವಾಗಿ ವಿದ್ಯಾರ್ಥಿಗಳಿಗೆ, ಪ್ರಾಣಿಪಕ್ಷಿಗಳನ್ನು ತೋರಿಸಿ ವಿವರಿಸುವುದು ಆತನ ಕೆಲಸ. ಸಂಬಳ ತಿಂಗಳಿಗೆ 350 ರೂಪಾಯಿ. ಆ ತರುಣನೇ ಮುಂದೆ ಜಗತ್ಪ್ರಸಿದ್ಧ ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿ. ಸುಮಾರು ಎರಡು ವರ್ಷಗಳ ಬಳಿಕ ಅವರು ರಜೆ ಪಡೆದು ಹೆಚ್ಚಿನ ತರಬೇತಿಗಾಗಿ ಬರ್ಲಿನ್ನಿಗೆ ಹೋದರು. ಮರಳಿ ಬಂದಾಗ ಹಣದ ಅಭಾವದಿಂದ ಆ ಹುದ್ದೆಯನ್ನೇ ರದ್ದುಮಾಡಲಾಗಿತ್ತು!

ಈ ಪ್ರಸಂಗದಲ್ಲಿ ಒಂದು ಎಚ್ಚರಿಕೆಯಿದೆ. ಯಾವ ಸಂಸ್ಥೆಯಲ್ಲೇ ಆಗಲಿ, ಹಣ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ವಿವರಿಸಿ ಹೇಳುವವನ ಹುದ್ದೆಗೆ. ವಸ್ತುಗಳು ಉಳಿಯುತ್ತವೆ, ಮಾತು ನಿಲ್ಲುತ್ತದೆ. ಸ್ವಾತಂತ್ರ್ಯಾನಂತರದ ವರ್ಷಗಳಲ್ಲಿ ಅದೇ ಸೊಸೈಟಿ ಸರ್ಕಾರದ ನೆರವಿನೊಡನೆ ನಿಸರ್ಗ ಶಿಕ್ಷಣ ಯೋಜನೆಯೊಂದನ್ನು ನಡೆಸಿ, ಶಾಲಾ ಮಕ್ಕಳಿಗೆ ನಿಸರ್ಗ ವಿಭಾಗವನ್ನು ಪರಿಚಯಿಸುವ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಿತು. ಆ ಕಾಲದಲ್ಲಿ ಹೊರಬಂದ ಪುಟ್ಟ ಪುಸ್ತಕಗಳ ಪೈಕಿ ಹಕ್ಕಿಗಳನ್ನು ಕುರಿತ ಒಂದು ಪುಸ್ತಕ ಕನ್ನಡದಲ್ಲಿಯೂ ಇತ್ತೆಂಬುದು ಮುಂಬಯಿ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ವೈದ್ಯನ ಹೆಸರಿನ ಸಂಗ್ರಹಾಲಯ

ನಗರದ ಇನ್ನೂ ಹಳೆಯ ವಸ್ತುಸಂಗ್ರಹಾಲಯ ಬೈಕಲಾದಲ್ಲಿದೆ. 1872ರಲ್ಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಎಂದು ತೆರೆದ ಅದಕ್ಕೆ 1975ರಲ್ಲಿ ಡಾ. ಭಾವು ದಾಜಿ ಲಾಡ್ ಅವರ ಹೆಸರನ್ನಿಡಲಾಯಿತು. ಭಾವು ದಾಜಿಯವರು ವೃತ್ತಿಯಿಂದ ವೈದ್ಯರು. ಗ್ರಾಂಟ್ ಮೆಡಿಕಲ್ ಕಾಲೇಜಿನಿಂದ 1851ರಲ್ಲಿ ಹೊರಬಂದ ಮೊದಲ ತಂಡಕ್ಕೆ ಸೇರಿದವರು. ಕುಷ್ಠರೋಗದ ಚಿಕಿತ್ಸೆಗಾಗಿ ಶ್ರಮಿಸಿದ ಆ ಕೈಗಳೇ ಪ್ರಾಚೀನ ಶಾಸನಗಳನ್ನು ಓದಿದವು, ನಾಣ್ಯಗಳನ್ನು ಕೂಡಿಹಾಕಿದವು. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಶನ್ ಇರುವ ರಸ್ತೆಗೂ ಅವರದೇ ಹೆಸರು. ನಾಟಕ ನೋಡಲು ಆ ರಸ್ತೆಯಲ್ಲಿ ನಡೆದುಹೋಗುವ ಎಷ್ಟು ಕನ್ನಡ ಮಕ್ಕಳಿಗೆ ಅವರು ಯಾರೆಂದು ಗೊತ್ತಿದ್ದೀತು?

ಸಂಗ್ರಹಾಲಯದ ಪಕ್ಕದಲ್ಲಿ ಕಲ್ಲಿನ ಆನೆಯೊಂದು ನಿಂತಿದೆ. ಪೋರ್ಚುಗೀಸರು ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಡಲು ಕಾರಣವಾದ ಆನೆ ಇದೇ. ಐಹೊಳೆಯ ಮೇಗುತಿ ಗುಡಿಯಲ್ಲಿರುವ, 634ರಲ್ಲಿ ರವಿಕೀರ್ತಿ ರಚಿಸಿದ ಶಾಸನವು ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಗೆದ್ದು, ಪಶ್ಚಿಮ ಸಮುದ್ರದ ಪುರಿಯನ್ನು ಹಡಗುಗಳಿಂದ ಮುತ್ತಿದನೆಂದು ಹೇಳುತ್ತದೆ. ಆ ಪುರಿ ಈ ಘಾರಾಪುರಿಯೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಪಾಠಪುಸ್ತಕದ ಪುಲಕೇಶಿಯೂ ಬೈಕಲಾದ ಆನೆಯೂ ಒಂದೇ ಕಥೆಯ ಎರಡು ತುದಿಗಳೆಂದು ಮಗುವಿಗೆ ಹೇಳಬಲ್ಲವನು ಶಿಕ್ಷಕ ಮಾತ್ರ. ಫಲಕದ ನಾಲ್ಕು ಸಾಲಿನಲ್ಲಿ ಅಷ್ಟೆಲ್ಲ ಹಿಡಿಸುವುದಿಲ್ಲ.

ಮಗುವಿನ ಬಳಿಗೆ ಬರುವ ಬಸ್ಸು

ಎಲ್ಲ ಶಾಲೆಗಳೂ ಫೋರ್ಟಿಗೆ ಬರಲಾರವು. ಈ ಕೊರತೆಗೆ ವಿಜ್ಞಾನ ಸಂಗ್ರಹಾಲಯಗಳು ಬಹಳ ಹಿಂದೆಯೇ ದಾರಿ ಕಂಡುಕೊಂಡವು. 1965ರಲ್ಲಿ ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ತೆರೆಯಿತು. ಅದೇ ವರ್ಷ ಕಲ್ಕತ್ತೆಯ ಬಿರ್ಲಾ ಸಂಗ್ರಹಾಲಯ ತನ್ನ ಸಂಚಾರಿ ಪ್ರದರ್ಶನವನ್ನು ಗ್ರಾಮಾಂತರ ಶಾಲೆಗಳತ್ತ ಕಳುಹಿಸಿತು. ಮುಂಬಯಿಯ ವರ್ಲಿಯಲ್ಲಿ ನೆಹರು ವಿಜ್ಞಾನ ಕೇಂದ್ರ 1977ರಲ್ಲಿ ಬೆಳಕು ಮತ್ತು ದೃಷ್ಟಿ ಕುರಿತ ಪ್ರದರ್ಶನದೊಡನೆ ಮೊದಲಾಯಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಜ್ಞಾನ ಉದ್ಯಾನ ಸೇರಿತು. 1985ರಲ್ಲಿ ಪೂರ್ಣ ಕೇಂದ್ರವೇ ತೆರೆಯಿತು. "ಮುಟ್ಟಬೇಡ" ಎಂಬ ಆಜ್ಞೆ ಅಲ್ಲಿ ತಲೆಕೆಳಗಾಗಿ, ಒತ್ತಿ ನೋಡು, ತಿರುಗಿಸಿ ನೋಡು ಎಂದಾಯಿತು.

ಕಲೆ ಮತ್ತು ಇತಿಹಾಸದ ಕ್ಷೇತ್ರದಲ್ಲಿ ಅಂಥದೇ ಹೆಜ್ಜೆ 2015ರಲ್ಲಿ ಬಂತು. ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯವು ಸಿಟಿ ಬ್ಯಾಂಕಿನ ನೆರವಿನಿಂದ "ಮ್ಯೂಸಿಯಂ ಆನ್ ವೀಲ್ಸ್" ಎಂಬ ಬಸ್ಸನ್ನು ರಸ್ತೆಗಿಳಿಸಿತು. ಪ್ರದರ್ಶನದ ಪೆಟ್ಟಿಗೆಗಳು, ಪ್ರತಿಕೃತಿಗಳು, ದೃಶ್ಯಶ್ರಾವ್ಯ ಸಾಧನಗಳನ್ನು ಹೊತ್ತು ಅದು ಶಾಲೆಯ ಅಂಗಳಕ್ಕೇ ಬಂದು ನಿಲ್ಲುತ್ತದೆ. ಮುಂದೆ 2019ರಲ್ಲಿ ಸಂಗ್ರಹಾಲಯದ ಆವರಣದಲ್ಲಿಯೇ, ಹಳೆಯ ಬಾವೊಬಾಬ್ ಮರವೊಂದರ ಮಗ್ಗುಲಲ್ಲಿ, ಮಕ್ಕಳಿಗೆಂದೇ ಪ್ರತ್ಯೇಕ ಸಂಗ್ರಹಾಲಯ ತೆರೆಯಿತು. ಸವಣೂರಿನ ಕಡೆಯವರು "ದೊಡ್ಡ ಹುಣಸೆ ಮರ" ಎಂದು ಕರೆಯುವುದು ಈ ಆಫ್ರಿಕಾ ಮೂಲದ ಮರವನ್ನೇ. ಎಲ್ಲಿಂದಲೋ ಬಂದು ಇಲ್ಲಿ ಬೇರೂರಿದ ಮರದ ಕೆಳಗೆ, ಎಲ್ಲೆಲ್ಲಿಂದಲೋ ಬಂದವರ ಮಕ್ಕಳು ಸೇರುವುದು ಮುಂಬಯಿಗೆ ಒಪ್ಪುವ ಮಾತೇ ಸರಿ.

ಶಿಕ್ಷಕನ ಮೂರು ಕೆಲಸ

ಬಸ್ಸು ಬಂದು ಹೋದ ಮೇಲೆ ಉಳಿಯುವವನು ಶಿಕ್ಷಕ. ಆದುದರಿಂದ ಅವನನ್ನು ಮಕ್ಕಳ ಸಾಲು ಕಾಯುವವನನ್ನಾಗಿ ಮಾತ್ರ ಕಾಣದೆ, ಕಾರ್ಯಕ್ರಮ ರೂಪಿಸುವ ಪಾಲುಗಾರನನ್ನಾಗಿ ಕಾಣಬೇಕು. ಅವನ ಕೆಲಸ ಮೂರು ಹಂತದ್ದು: ಭೇಟಿಗೆ ಮುಂಚೆ, ಭೇಟಿಯ ಹೊತ್ತಿಗೆ, ಭೇಟಿಯ ಬಳಿಕ.

ಒಂದು ಉದಾಹರಣೆ ನೋಡಬಹುದು. ಫೋರ್ಟಿನ ಸಂಗ್ರಹಾಲಯದ ಶಿಲ್ಪವಿಭಾಗದಲ್ಲಿ ಐಹೊಳೆಯಿಂದ ತಂದ, ಬಾದಾಮಿ ಚಾಲುಕ್ಯರ ಕಾಲದ ದೊಡ್ಡ ಶಿಲಾಫಲಕಗಳಿವೆ, ಅವುಗಳಲ್ಲೊಂದು ಬ್ರಹ್ಮನದು. ಮಗು ಅದನ್ನು ಎದುರಿಗೆ ನೆಟ್ಟಗೆ ನಿಂತ ಕಲ್ಲೆಂದು ನೋಡುತ್ತದೆ. ವಾಸ್ತವವಾಗಿ ಅದು ಗುಡಿಯ ಒಳಮಾಳಿಗೆಗೆ ಹೊದಿಸಿದ್ದ ಕಲ್ಲು. ಭಕ್ತರು ತಲೆಯೆತ್ತಿ ನೋಡುತ್ತಿದ್ದುದು. ಶಿಕ್ಷಕನು ಹಿಂದಿನ ದಿನವೇ ತರಗತಿಯಲ್ಲಿ ಮಕ್ಕಳನ್ನು ನೆಲದ ಮೇಲೆ ಅಂಗಾತ ಮಲಗಿಸಿ ಸೂರನ್ನು ನೋಡಲು ಹೇಳಿ, "ನಾಳೆ ಕಾಣುವ ಕಲ್ಲುಗಳಲ್ಲಿ ಯಾವುದು ಹೀಗೆ ಮೇಲಿದ್ದಿರಬಹುದು, ಹುಡುಕಿರಿ" ಎಂದರೆ ಸಾಕು. ಮರುದಿನ ಅದೇ ಮಕ್ಕಳು ಹುಡುಕುವ ಕಣ್ಣುಗಳನ್ನು ಹೊತ್ತು ಒಳಗೆ ಕಾಲಿಡುತ್ತಾರೆ.

ಸಂಗ್ರಹಾಲಯದಲ್ಲಿ ಕೇಳಬೇಕಾದ ಪ್ರಶ್ನೆ ಇನ್ನೊಂದು: ಐಹೊಳೆಯ ಕಲ್ಲು ಮುಂಬಯಿಗೆ ಬಂದದ್ದೇಕೆ? ಉತ್ತರದಲ್ಲಿ ಚರಿತ್ರೆಯ ಒಂದು ಅಧ್ಯಾಯವೇ ಇದೆ. ಐಹೊಳೆ ಆಗ ಬಿಜಾಪುರ ಜಿಲ್ಲೆಯಲ್ಲಿತ್ತು. ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರಗಳೆಲ್ಲ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ರಾಜಧಾನಿಯ ಸಂಗ್ರಹಾಲಯಕ್ಕೆ ಪ್ರಾಂತದ ಶಿಲ್ಪಗಳು ಬಂದವು. ಅದೇ ದಾರಿಯಲ್ಲಿ ಉದ್ಯೋಗ ಅರಸಿ ಆ ಪ್ರಾಂತದ ಜನರೂ ಬಂದರು. ಅಜ್ಜನ ಊರಿನ ಹೆಸರನ್ನಷ್ಟೇ ಕೇಳಿ ಬಲ್ಲ, ಡೊಂಬಿವಲಿಯಲ್ಲೋ ಭಾಂಡುಪಿನಲ್ಲೋ ಹುಟ್ಟಿ ಬೆಳೆದ ಮೂರನೆಯ ತಲೆಮಾರಿನ ಮಗುವಿಗೆ ಈ ಕಲ್ಲು ಬಂಧುವಿನಂತೆ ತೋರಿದರೆ ಆಶ್ಚರ್ಯವಿಲ್ಲ.

ಭೇಟಿಯ ಬಳಿಕದ ಕೆಲಸ ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು. ಅದು ಪ್ರಬಂಧಕ್ಕೇ ಮುಗಿಯಬೇಕಾಗಿಲ್ಲ. ಮನೆಯಲ್ಲಿರುವ ಹಿತ್ತಾಳೆಯ ಚೊಂಬು, ಅಜ್ಜಿಯ ಇಳಕಲ್ ಸೀರೆ, ತೂಕದ ಸೇರು, ಹಳೆಯ ನಾಣ್ಯ ಇವುಗಳನ್ನು ತಂದು, ಪ್ರತಿಯೊಂದಕ್ಕೂ ನಾಲ್ಕು ಸಾಲಿನ ಫಲಕ ಬರೆದು, ತರಗತಿಯಲ್ಲಿಯೇ ಸಣ್ಣ ಸಂಗ್ರಹಾಲಯ ಕಟ್ಟಬಹುದು. ಲೆಕ್ಕದ ಶಿಕ್ಷಕನಿಗೂ ಇಲ್ಲಿ ಅವಕಾಶವಿದೆ. ಫೋರ್ಟಿನ ಅಮರ್ ಬಿಲ್ಡಿಂಗಿನಲ್ಲಿ ರಿಸರ್ವ್ ಬ್ಯಾಂಕಿನ ಹಣದ ಸಂಗ್ರಹಾಲಯವನ್ನು 2004ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದರು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಹೀಗೆ 192 ಪೈಗಳ ರೂಪಾಯಿಯಿಂದ 1957ರ ಏಪ್ರಿಲ್ 1ರಂದು ದೇಶ 100 ಪೈಸೆಯ ರೂಪಾಯಿಗೆ ಹೇಗೆ ಬಂತೆಂಬುದನ್ನು ನಾಣ್ಯ ಕಂಡು ಕಲಿತ ಮಗು ದಶಾಂಶವನ್ನು ಸುಲಭವಾಗಿ ಮರೆಯಲಾರದು.

ದೇಹವೂ ದಣಿಯುತ್ತದೆ

ಸಂಗ್ರಹಾಲಯದ ದಣಿವು ವಿಶಿಷ್ಟವಾದದ್ದು. ನಿಂತು, ನಾಲ್ಕು ಹೆಜ್ಜೆ ನಡೆದು, ಮತ್ತೆ ನಿಲ್ಲುವುದರಿಂದ ನೇರ ನಡಿಗೆಗಿಂತ ಬೇಗ ಕಾಲು ಸೋಲುತ್ತದೆ. ನೂರು ವಸ್ತುಗಳನ್ನು ಒಟ್ಟಿಗೆ ಕಂಡ ಮನಸ್ಸೂ ಮಂಕಾಗುತ್ತದೆ. ಆದ್ದರಿಂದ ಒಂದು ಭೇಟಿಗೆ ಒಂದು ವಿಭಾಗ, ಐದಾರು ವಸ್ತು ಸಾಕು. ಉಪಾಹಾರವಿಲ್ಲದೆ ಹೊರಟ ಮಗುವನ್ನು ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ತಂದು ನಿಲ್ಲಿಸಿದರೆ ಅದಕ್ಕೆ ಬ್ರಹ್ಮನೂ ಕಾಣ, ವಿಷ್ಣುವೂ ಕಾಣ. ನಡುವೆ ನೀರು, ಶೌಚ, ಹತ್ತು ನಿಮಿಷ ನೆಲದ ಮೇಲೆ ಕುಳಿತು ಚಿತ್ರ ಬರೆಯುವ ವಿರಾಮ ಇವು ಪಾಠದ ಭಾಗವೇ.

ಅಡ್ಡಿಗಳೂ ಹೊಣೆಗಳೂ

ಶಿಕ್ಷಕರ ಕಷ್ಟಗಳೂ ಕಡಿಮೆಯಲ್ಲ. ಮುಗಿಸಬೇಕಾದ ಪಾಠ, ಪರೀಕ್ಷೆ, ಚುನಾವಣೆ ಹಾಗೂ ಜನಗಣತಿಯ ಕೆಲಸ, ಪೋಷಕರ ಒಪ್ಪಿಗೆ, ಬಸ್ಸಿನ ಬಾಡಿಗೆ ಎಲ್ಲವೂ ಅವರ ತಲೆಯ ಮೇಲೆ. ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ 1979ರಿಂದ ಶಾಲಾಶಿಕ್ಷಕರಿಗೆ ಈ ಬಗೆಯ ತರಬೇತಿ ನೀಡುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪುಸ್ತಕದ ಚೀಲವಿಲ್ಲದ ದಿನಗಳನ್ನು, ಚಾರಿತ್ರಿಕ ಸ್ಥಳಗಳ ಭೇಟಿಯನ್ನು ಪ್ರೋತ್ಸಾಹಿಸುತ್ತದೆ. ನೀತಿ ಕಾಗದದ ಮೇಲಿದೆ. ಅದನ್ನು ನಡೆಸುವ ಬಿಡುವನ್ನೂ ಗೌರವವನ್ನೂ ಶಿಕ್ಷಕರಿಗೆ ಕೊಡಬೇಕಾಗಿದೆ.

ಮುಂಬಯಿಯ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದೆ, ಕನ್ನಡವೂ ಅವುಗಳಲ್ಲೊಂದು. ಸಂಗ್ರಹಾಲಯದ ಫಲಕಗಳನ್ನು ಕನ್ನಡದಲ್ಲಿ ನಿರೀಕ್ಷಿಸಲಾಗದು. ಆದರೆ ಹತ್ತು ವಸ್ತುಗಳ ಪರಿಚಯವನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಅಚ್ಚುಮಾಡಿಸುವುದು ಕನ್ನಡ ಸಂಘಗಳಿಗೆ ಅಸಾಧ್ಯವೇ? ವರ್ಷಕ್ಕೊಮ್ಮೆ ಒಂದು ಶಾಲೆಯ ಬಸ್ಸಿನ ವೆಚ್ಚ ಹೊರುವುದು, ನಿವೃತ್ತ ಕನ್ನಡ ಶಿಕ್ಷಕರನ್ನು ಸಂಗ್ರಹಾಲಯದವರೊಡನೆ ಒಮ್ಮೆ ಕೂಡಿಸುವುದು ದೊಡ್ಡ ಮಾತಲ್ಲ. ಫೋರ್ಟಿಗೇ ಹೋಗಬೇಕೆಂದೂ ಇಲ್ಲ. ಬೊರಿವಲಿಯ ಕಾನ್ಹೇರಿ ಗುಹೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳಿವೆ; ಸಮೀಪದ ಏಕ್ಸರಿನಲ್ಲಿ ಹಡಗುಗಳ ಯುದ್ಧವನ್ನು ಕೆತ್ತಿದ ವೀರಗಲ್ಲುಗಳಿವೆ. ಕವಿರಾಜಮಾರ್ಗದ ಹೆಸರನ್ನು ಪುಸ್ತಕದಲ್ಲಿ ಓದಿದ ಮಗುವಿಗೆ, ಆ ಅರಸನ ಆಳ್ವಿಕೆ ತನ್ನ ಮನೆಯ ಹಿಂದಿನ ಗುಡ್ಡದವರೆಗೂ ಚಾಚಿತ್ತೆಂದು ಹೇಳಲು ಒಬ್ಬ ಶಿಕ್ಷಕ ಬೇಕು.

1926ರಲ್ಲಿ ಹುಟ್ಟಿದ ಒಂದು ಹುದ್ದೆ ಕೆಲವೇ ವರ್ಷಗಳಲ್ಲಿ ಹಣವಿಲ್ಲವೆಂದು ಅಳಿಯಿತು. ಅಂದು ಗಾಜಿನ ಪೆಟ್ಟಿಗೆಯೊಳಗೆ ಇದ್ದ ಹಕ್ಕಿಗಳು ಅಲ್ಲೇ ಇದ್ದವು. ಅವುಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ಮಾತನಾಡುವವರು ಇರಲಿಲ್ಲ. ಮುಂದಿನ ಡಿಸೆಂಬರಿನ ಪ್ರವಾಸಕ್ಕೆ ಹೊರಡುವ ಮುನ್ನ ಒಬ್ಬ ಶಿಕ್ಷಕ ಒಬ್ಬನೇ ಹೋಗಿ ಸಂಗ್ರಹಾಲಯವನ್ನು ಒಂದು ಸಲ ನೋಡಿ ಬಂದರೆ, ಅಲ್ಲಿನವರೊಡನೆ ಅರ್ಧ ಗಂಟೆ ಮಾತನಾಡಿ ಬಂದರೆ, ಆ ವರ್ಷದ ಲೆಕ್ಕದಲ್ಲಿ ಜಮೆಯ ಬದಿ ಬರಿದಾಗಿ ಉಳಿಯದು.