ಹಳೆಯ ಮೋಟಾರಿಗೆ ಹೊಸ ಬಣ್ಣ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ದುರಸ್ತಿಯ ಮಾತೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಕಾವ್ಯ, ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವ ನಮಗೂ ತಗಡು, ತುಕ್ಕು, ಬಣ್ಣಗಳಿಗೂ ಏನು ಸಂಬಂಧ? ಕಳೆದ ಬೇಸಗೆಯ ರಜೆಯವರೆಗೆ ನಾನೂ ಹಾಗೆಯೇ ಎಣಿಸಿದ್ದೆ. ರಜೆಯ ಒಂದು ತಿಂಗಳನ್ನು ನಮ್ಮೂರಿನ ಟಿಂಕರ್ ಮೇಸ್ತ್ರಿಗಳ ಷೆಡ್ಡಿನಲ್ಲಿ ಕಳೆದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅಲ್ಲಿ ಕಂಡು ಕೇಳಿ ತಿಳಿದುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಅಂಬಾಸಡರ್ ಕಾರಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪೆನಿಯು ಬಂಗಾಳದ ಉತ್ತರಪಾಡಾದಲ್ಲಿ ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ತಯಾರಿಸಿದ ಗಾಡಿ ಇದು. ನಮ್ಮೂರು ಕಡಲ ಕರೆಯಲ್ಲಿದೆ. ನಾಲ್ಕು ತಿಂಗಳ ಮಳೆ ಒಂದು ಕಡೆ, ವರುಷವಿಡೀ ಬೀಸುವ ಉಪ್ಪುಗಾಳಿ ಇನ್ನೊಂದು ಕಡೆ. ಇವೆರಡರ ನಡುವೆ ಕಬ್ಬಿಣದ ವಸ್ತು ಬಾಳುವುದು ಕಷ್ಟ. ಮೂರು ವರ್ಷಗಳ ಕೆಳಗೆ ತಂದೆಯವರು ಒಂದು ಕಾರ್ಖಾನೆಯಲ್ಲಿ ಈ ಕಾರಿಗೆ ಬಣ್ಣ ಹಾಕಿಸಿದ್ದರು. ಗಾಡಿ ಕನ್ನಡಿಯಂತೆ ಹೊಳೆಯುತ್ತ ಮನೆಗೆ ಬಂದಿತು. ಆದರೆ ಒಂದೇ ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲುಗಳ ಕೆಳಗೆ ಬೊಕ್ಕೆಗಳೆದ್ದವು. ಬೊಕ್ಕೆ ಒಡೆದಲ್ಲಿ ಕೆಂಪು ಪುಡಿ ಉದುರತೊಡಗಿತು.

ಹೀಗೇಕಾಯಿತು? ಕಬ್ಬಿಣ, ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಒಂದುಗೂಡಿದಾಗ ತುಕ್ಕು ಹುಟ್ಟುತ್ತದೆಂಬುದು ಹೈಸ್ಕೂಲಿನಲ್ಲಿ ಕಲಿತ ಪಾಠ. ಉಪ್ಪು ಸೇರಿದ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಈ ಕ್ರಿಯೆ ಇನ್ನೂ ಚುರುಕಾಗುತ್ತದೆ. ತುಕ್ಕಿನ ಗಾತ್ರವು ಅದಕ್ಕೆ ಆಹಾರವಾದ ಕಬ್ಬಿಣದ ಗಾತ್ರಕ್ಕಿಂತ ಹೆಚ್ಚು. ಆದುದರಿಂದ ಬಣ್ಣದ ಅಡಿಯಲ್ಲಿ ತುಕ್ಕು ಉಳಿದಿದ್ದರೆ ಅದು ಬೆಳೆದು, ಬಣ್ಣವನ್ನು ಒಳಗಿನಿಂದಲೇ ಎತ್ತಿಬಿಡುತ್ತದೆ. ಬಣ್ಣವು ತುಕ್ಕಿಗೆ ಮದ್ದಲ್ಲ. ತುಕ್ಕಿಲ್ಲದ ತಗಡಿಗೆ ಹೊದಿಕೆ ಮಾತ್ರ.

ಮೇಸ್ತ್ರಿಗಳು ಕಾರನ್ನು ನೋಡಿದ ರೀತಿ ವೈದ್ಯರು ರೋಗಿಯನ್ನು ನೋಡಿದಂತಿತ್ತು. ಮೊದಲು ಬೆರಳ ಗಂಟಿನಿಂದ ಅಲ್ಲಲ್ಲಿ ತಟ್ಟಿದರು. ಬರಿಯ ತಗಡಾದರೆ ಗಣಗಣ ಎನ್ನುತ್ತದೆ; ಪುಟ್ಟಿ ತುಂಬಿದ ಕಡೆ ದಪ್ ದಪ್ ಎನ್ನುತ್ತದೆ. ಬಳಿಕ ಬಟ್ಟೆ ಸುತ್ತಿದ ಒಂದು ಅಯಸ್ಕಾಂತವನ್ನು ಮೈಮೇಲೆ ಆಡಿಸಿದರು. ಬಾನೆಟ್ಟಿನ ಮೇಲೆ ಗಟ್ಟಿಯಾಗಿ ಹಿಡಿದ ಅಯಸ್ಕಾಂತವು ಬಾಗಿಲ ಕೆಳಗೆ ಬಂದೊಡನೆ ಜಾರಿ ಬಿದ್ದಿತು. ಅಲ್ಲಿ ಕಬ್ಬಿಣವೇ ಇರಲಿಲ್ಲ! ತೂತಿಗೆ ಚಿಂದಿ ತುರುಕಿ, ಮೇಲೆ ಬೆರಳುದ್ದ ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದರು.

"ಮಾಷ್ಟ್ರೇ, ಇದರ ಮೇಲೆ ಮತ್ತೊಮ್ಮೆ ಬಣ್ಣ ಹಾಕಿ ಕೊಡುವುದು ನನಗೆ ನಾಲ್ಕು ದಿನದ ಕೆಲಸ. ಆದರೆ ಮಕ್ಕಳು ಮರಿಗಳನ್ನು ಕೂರಿಸಿಕೊಂಡು ನೀವು ಘಾಟಿ ಹತ್ತಿ ಇಳಿಯುವ ಗಾಡಿ ಇದು. ನಾನು ಹಾಗೆ ಮಾಡಲಾರೆ" ಎಂದರು ಮೇಸ್ತ್ರಿಗಳು.

ಅವರ ಮಾತಿನ ತಿರುಳು ನನಗೆ ಆಮೇಲೆ ತಿಳಿಯಿತು. ಲಾರಿಗೆ ಇರುವಂತೆ ಅಂಬಾಸಡರಿಗೆ ಪ್ರತ್ಯೇಕವಾದ ಚಾಸಿ ಇಲ್ಲ. ನೆಲದ ತಗಡು, ಕಂಬಗಳು, ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾದುಹೋಗುವ ಪೆಟ್ಟಿಗೆಯಾಕಾರದ ತೊಲೆ, ಇವೆಲ್ಲ ಸೇರಿಯೇ ಭಾರ ಹೊರಬೇಕು. ಬಾಗಿಲ ಕೆಳಗಿನ ಆ ತೊಲೆಯೇ ಕೊಳೆತರೆ ಮನೆಯ ಅಡಿಪಾಯ ಕುಸಿದಂತೆ. ಅಪಘಾತವಾದರೆ ಒಳಗಿದ್ದವರನ್ನು ಕಾಯುವ ಶಕ್ತಿ ಗಾಡಿಗೆ ಇರುವುದಿಲ್ಲ. ತಂದೆಯವರ ಕೈಯಲ್ಲಿದ್ದ ಹಣವೋ ಒಂದು ಕೆಲಸಕ್ಕೆ ಮಾತ್ರ ಸಾಲುವಂತಿತ್ತು: ಪೂರ್ತಿ ಬಣ್ಣ, ಇಲ್ಲವೇ ತೊಲೆ. ಅಕ್ಕನ ಮದುವೆ ಹತ್ತಿರವಿದ್ದುದರಿಂದ ಮನೆಯವರೆಲ್ಲರೂ ಹೊಳಪಿನ ಕಡೆಗೇ ಇದ್ದರು. ತಂದೆಯವರು ಒಂದು ರಾತ್ರಿ ಯೋಚಿಸಿ, ಬೆಳಗ್ಗೆ ತೊಲೆಯನ್ನೇ ಮಾಡಿಸಲು ಒಪ್ಪಿದರು.

ಕೆಲಸದ ಕ್ರಮ ಹೀಗಿದೆ. ಮೊದಲು ಬ್ಯಾಟರಿಯ ತಂತಿ ಕಳಚಿ, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರವಿಡಬೇಕು; ವೆಲ್ಡಿಂಗಿನ ಒಂದು ಕಿಡಿ ಸಾಕು ಅನಾಹುತಕ್ಕೆ. ಕೊಳೆತ ತಗಡನ್ನು ಗಟ್ಟಿ ತಗಡು ಸಿಕ್ಕುವ ತನಕ ಕತ್ತರಿಸಿ ತೆಗೆಯಬೇಕು. ಅದಕ್ಕೂ ಮುನ್ನ ಗಾಡಿಯ ಮೈಗೆ ಅಡಿಯಿಂದ ಸರಿಯಾಗಿ ಆಸರೆ ಕೊಡಬೇಕು. ಇಲ್ಲವಾದರೆ ಮೈ ಬಾಗಿ, ಆಮೇಲೆ ಬಾಗಿಲುಗಳು ಮುಚ್ಚುವುದೇ ಇಲ್ಲ. ಮೇಸ್ತ್ರಿಗಳು ಪ್ರತಿ ತುಂಡನ್ನು ಬೆಸೆಯುವ ಮುನ್ನ ಬಾಗಿಲನ್ನು ಮುಚ್ಚಿ ತೆರೆದು, ಸಂದು ಮೇಲಿಂದ ಕೆಳಗೆ ಒಂದೇ ಸಮನಾಗಿದೆಯೇ ಎಂದು ನೋಡುತ್ತಿದ್ದರು.

ಇನ್ನು ನೆಗ್ಗಿದ ಭಾಗಗಳ ವಿಷಯ. ನಮ್ಮ ಕಾರಿನ ಎಡ ಮಡ್‌ಗಾರ್ಡು ಗೇಟಿನ ಕಂಬಕ್ಕೆ ತಾಗಿ ಒಳಗೆ ಹೋಗಿತ್ತು. ಅದನ್ನು ಹಿಂದಿನಿಂದ ಬಡಿದರೆ ಸರಿಹೋಗುವುದೆಂದು ನಾನು ಸುತ್ತಿಗೆ ಎತ್ತಿದೆ. "ಅವಸರ ಮಾಡಬೇಡ ಮಾರಾಯ, ತಗಡು ನೊಂದುಕೊಳ್ಳುತ್ತದೆ" ಎಂದು ಮೇಸ್ತ್ರಿಗಳು ಕೈ ಹಿಡಿದರು. ಪೆಟ್ಟು ಬಿದ್ದಾಗ ಕೊನೆಯಲ್ಲಿ ಮಡಿಸಿದ್ದನ್ನು ಮೊದಲು ಬಿಡಿಸಬೇಕೆಂಬುದು ಈ ಕಸುಬಿನ ಸೂತ್ರ. ಡಾಲಿ ಎಂಬ ಉಕ್ಕಿನ ಗಟ್ಟಿಯನ್ನು ಒಂದು ಬದಿಯಲ್ಲಿ ಹಿಡಿದು, ಇನ್ನೊಂದು ಬದಿಯಲ್ಲಿ ಹಗುರವಾದ ಸುತ್ತಿಗೆಯಿಂದ ತಟ್ಟುತ್ತಾರೆ. ಡಾಲಿಯ ಮೇಲೆ ನೇರವಾಗಿ ಬಿದ್ದ ಪೆಟ್ಟು ತಗಡನ್ನು ತೆಳುವಾಗಿಸಿ ಹಿಗ್ಗಿಸುತ್ತದೆ; ಡಾಲಿಯ ಪಕ್ಕದಲ್ಲಿ ಬಿದ್ದ ಪೆಟ್ಟು ಉಬ್ಬನ್ನು ಇಳಿಸಿ ತಗ್ಗನ್ನು ಏರಿಸುತ್ತದೆ. ಹೆಚ್ಚು ಬಡಿದರೆ ತಗಡು ಹಿಗ್ಗಿ ಡಬ್ಬಿಯ ಮುಚ್ಚಳದಂತೆ ಟಕ್ ಟಕ್ ಎನ್ನುತ್ತದೆ. ಆಗ ಗ್ಯಾಸಿನ ಉರಿಯಿಂದ ಸಣ್ಣ ಚುಕ್ಕೆಯಷ್ಟು ಜಾಗವನ್ನು ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆಯಿಂದ ತಣಿಸಿ ಕುಗ್ಗಿಸಬೇಕು. ಕಣ್ಣಿಗಿಂತ ಅಂಗೈಯೇ ಇಲ್ಲಿ ಒಳ್ಳೆಯ ಪರೀಕ್ಷಕ. ಮೇಸ್ತ್ರಿಗಳು ಕಣ್ಣು ಮುಚ್ಚಿ ಅಂಗೈ ಆಡಿಸಿ ಕೂದಲೆಳೆಯ ತಗ್ಗನ್ನೂ ಹೇಳಬಲ್ಲರು.

ಪುಟ್ಟಿಯೇ ಕೆಟ್ಟದೆಂದು ಯಾರೂ ತಿಳಿಯಬಾರದು. ಹಿಂದಿನ ಕಾಲದಲ್ಲಿ ಸೀಸ ಮತ್ತು ತವರಗಳ ಮಿಶ್ರಣವನ್ನು ಕರಗಿಸಿ ತಗ್ಗುಗಳನ್ನು ತುಂಬುತ್ತಿದ್ದರು. ಸೀಸವು ವಿಷವಾದುದರಿಂದ ಆ ಪದ್ಧತಿ ಹಿಂದೆ ಬಿದ್ದಿತು. ಈಗಿನ ಪಾಲಿಯೆಸ್ಟರ್ ಪುಟ್ಟಿಗೆ ಸ್ವಲ್ಪ ಹಾರ್ಡನರ್ ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ತಗಡು ಬಹುಮಟ್ಟಿಗೆ ಸಮವಾದ ಮೇಲೆ ೨–೩ ಮಿಲಿಮೀಟರಿಗೆ ಮೀರದಂತೆ ಅದನ್ನು ಹಚ್ಚಬೇಕು. ಅದು ನೀರು ಹೀರುವ ಪದಾರ್ಥ. ಆದುದರಿಂದ ಒಣಗಿಸಿಯೇ ಉಜ್ಜಬೇಕು, ತೂತಿನ ಮೇಲಂತೂ ಮೆತ್ತಲೇಬಾರದು. ೮೦ನೆಯ ನಂಬರಿನ ಕಾಗದದಿಂದ ಆರಂಭಿಸಿ ೧೮೦, ೩೨೦ ಎಂದು ನಯಕ್ಕೆ ಏರಬೇಕು. ಬರಿಯ ತಗಡಿಗೆ ಅದೇ ದಿನ ಪ್ರೈಮರ್ ಬಳಿಯುವುದು ಕ್ಷೇಮ. ನಮ್ಮ ಕರಾವಳಿಯಲ್ಲಿ ಒಂದು ರಾತ್ರಿ ಬಿಟ್ಟರೂ ತಗಡು ಕೆಂಪಗಾಗುತ್ತದೆ.

ಬಣ್ಣಕ್ಕೂ ಒಂದು ಚರಿತ್ರೆಯಿದೆ. ಮೊದಲಿನ ಮೋಟಾರುಗಳಿಗೆ ಸಾರೋಟುಗಳಂತೆ ವಾರ್ನಿಷು ಬಣ್ಣವನ್ನು ಕುಂಚದಿಂದ ಬಳಿಯುತ್ತಿದ್ದರು. ಒಣಗಲು ವಾರಗಳೇ ಹಿಡಿಯುತ್ತಿದ್ದವು. ೧೯೨೩ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವು ಓಕ್‌ಲೆಂಡ್ ಕಾರುಗಳ ಮೇಲೆ ಬಂದಿತು. ಸಿಂಪಡಿಸಿದ ಕೆಲವೇ ಗಂಟೆಗಳಲ್ಲಿ ಅದು ಒಣಗುತ್ತಿತ್ತು. ಇಂದಿಗೂ ನಮ್ಮ ಹಳೆಯ ಪೇಂಟರುಗಳ ಬಾಯಲ್ಲಿ ಮೋಟಾರು ಬಣ್ಣವೆಂದರೆ ಡ್ಯೂಕೋ ಬಣ್ಣವೇ. ಇದರ ದ್ರಾವಕವು ಬೇಗನೆ ಆರಿಹೋಗುವಾಗ ತಗಡಿನ ಮೈ ತಣ್ಣಗಾಗುತ್ತದೆ. ಮೋಡದ ದಿನವಾದರೆ ಗಾಳಿಯ ತೇವವು ಅಲ್ಲಿ ಕುಳಿತು ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಮಳೆಗಾಲದಲ್ಲಿ ಬಣ್ಣದ ಕೆಲಸ ಬೇಡವೆನ್ನುವುದು ಇದಕ್ಕಾಗಿಯೇ. ಗನ್ನನ್ನು ತೀರ ಹತ್ತಿರ ಹಿಡಿದರೆ ಬಣ್ಣ ಸೋರುತ್ತದೆ; ದೂರ ಹಿಡಿದರೆ ಕಿತ್ತಳೆಯ ಸಿಪ್ಪೆಯಂತೆ ಒರಟಾಗುತ್ತದೆ. ಹಳೆಯ ಬಣ್ಣ ಬಿಸಿಲಿಗೆ ಮಾಸಿರುವುದರಿಂದ ಡಬ್ಬಿಯ ನಂಬರೊಂದನ್ನೇ ನಂಬದೆ, ರಟ್ಟಿನ ಮೇಲೆ ಸಿಂಪಡಿಸಿ, ಒಣಗಿಸಿ, ಹಗಲ ಬೆಳಕಿನಲ್ಲಿ ಹೋಲಿಸಿ ನೋಡಬೇಕು. ಗಾಡಿಯ ಬಣ್ಣವನ್ನೇ ಬದಲಿಸುವವರು ಸಾರಿಗೆ ಕಚೇರಿಯಲ್ಲಿ ನೋಂದಣಿ ಪತ್ರವನ್ನೂ ತಿದ್ದಿಸಿಕೊಳ್ಳಬೇಕು.

ಒಂದು ಮಾತನ್ನು ಹೇಳದೆ ಮುಗಿಸುವಂತಿಲ್ಲ. ಹಾರ್ಡನರ್ ಬೆರೆಸುವ ಈಚಿನ ಪಾಲಿಯುರೆಥೇನ್ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಅದರ ಮಂಜನ್ನು ಉಸಿರಾಡಿದವರಿಗೆ ಅಸ್ತಮಾ ಬರಬಹುದು. ಒಮ್ಮೆ ಬಂದರೆ ಆ ಕಸುಬನ್ನೇ ಬಿಡಬೇಕಾಗುತ್ತದೆ. ಮೇಸ್ತ್ರಿಗಳ ಜೊತೆಗಾರ ಪೇಂಟರೊಬ್ಬರು ಮೂಗಿಗೆ ಕೈವಸ್ತ್ರ ಕಟ್ಟಿಕೊಂಡು ಹಲವು ವರ್ಷ ಈ ಬಣ್ಣ ಹೊಡೆದರು. ಈಗ ಅವರು ಷೆಡ್ಡಿನ ಹೊರಗೆ ಕುರ್ಚಿ ಹಾಕಿಕೊಂಡು ಲೆಕ್ಕ ಬರೆಯುತ್ತಾರೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕೈವಸ್ತ್ರವು ಧೂಳನ್ನು ಅಷ್ಟಿಷ್ಟು ತಡೆದೀತು, ಈ ಆವಿಯನ್ನಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಒದಗಿಸುವ ಮುಖವಾಡವೇ ಇದಕ್ಕೆ ತಕ್ಕ ರಕ್ಷಣೆ. ನಮ್ಮ ಗಾಡಿಯ ಹೊಳಪಿಗಾಗಿ ಇನ್ನೊಬ್ಬರ ಉಸಿರು ಸವೆಯಬಾರದಷ್ಟೆ. ಬಣ್ಣ ಹಾಕಿಸುವವರು ದರವನ್ನು ಕೇಳುವಾಗ ಇದನ್ನೂ ಒಂದು ಮಾತು ಕೇಳುವುದು ಒಳ್ಳೆಯದು.

ಅಕ್ಕನ ಮದುವೆಗೆ ನಮ್ಮ ಕಾರು ಎರಡು ಬಣ್ಣದಲ್ಲಿಯೇ ಹೋಯಿತು. ಕೆಳಗಿನ ಅರ್ಧ ಹೊಸ ಬಿಳುಪು, ಮೇಲಿನ ಅರ್ಧ ಮಾಸಿದ ಬಿಳುಪು. ನೆಂಟರಲ್ಲಿ ಕೆಲವರು ನಕ್ಕರು. ಆದರೆ ಈ ಮಳೆಗಾಲ ಮುಗಿದ ಮೇಲೆ ನಾನು ಬಗ್ಗಿ ನೋಡಿದಾಗ ಬಾಗಿಲ ಕೆಳಗೆ ಒಂದು ಬೊಕ್ಕೆಯೂ ಇರಲಿಲ್ಲ; ಮೇಸ್ತ್ರಿಗಳ ಅಯಸ್ಕಾಂತವನ್ನು ಎರವಲು ತಂದು ಆಡಿಸಿದೆ, ಅದು ಎಲ್ಲಿಯೂ ಜಾರಲಿಲ್ಲ. ಒಳಗೆ ಹುಳುಕು, ಮೇಲೆ ತಳುಕು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಅದರ ಅರ್ಥವನ್ನು ನಾನು ಪುಸ್ತಕದಿಂದಲ್ಲ, ತಗಡಿನಿಂದ ಕಲಿತೆ. ಮೇಲಿನ ಅರ್ಧಕ್ಕೆ ಬರುವ ಬೇಸಗೆಯಲ್ಲಿ ಬಣ್ಣ ಹಾಕಿಸುವ ಯೋಚನೆಯಿದೆ. ಅಲ್ಲಿಯ ತನಕ ನಗುವವರು ನಗಲಿ.