ತಲೆನೋವೇ? ಎಲ್ಲಿ ಅಂತ ಹೇಳಿ

ಚೀನಾದ ಸಾಂಪ್ರದಾಯಿಕ ವೈದ್ಯರ ಮುಂದೆ ಕೂತು ‘ತಲೆನೋವು’ ಎಂದರೆ ಮೊದಲು ಬರುವುದು ಪ್ರಶ್ನೆಗಳ ಸಾಲು. ಹಣೆಯೋ, ಕಣತಲೆಯೋ, ಹೆಡತಲೆಯೋ, ನೆತ್ತಿಯೋ? ಸಿಡಿಯುತ್ತದೋ, ಒದ್ದೆ ಬಟ್ಟೆ ಸುತ್ತಿ ಬಿಗಿದಂತೆ ಭಾರವೋ? ಹೆಚ್ಚುವುದು ಗಾಳಿಗೋ, ಸಿಟ್ಟಿಗೋ, ದಣಿವಿಗೋ? ಆಮೇಲೆ ನಾಲಿಗೆ ಚಾಚಿಸಿ ಬಣ್ಣ, ಲೇಪ ನೋಡುತ್ತಾರೆ. ಒಂದೊಂದು ಮಣಿಕಟ್ಟಿನಲ್ಲೂ ಮೂರು ಬೆರಳಿಟ್ಟು ನಾಡಿ ಹಿಡಿಯುತ್ತಾರೆ. ಅವರ ಲೆಕ್ಕದಲ್ಲಿ ಹತ್ತು ಜನರ ತಲೆನೋವು ಹತ್ತು ಬೇರೆ ಬೇರೆ ತೊಂದರೆಗಳಾಗಿರಬಹುದು.

ತಲೆಯ ಮೇಲಿನ ನಕ್ಷೆ

ದೇಹದಲ್ಲಿ ‘ಚೀ’ ಎಂಬ ಪ್ರಾಣಶಕ್ತಿಯೂ ರಕ್ತವೂ 12 ಮುಖ್ಯ ದಾರಿಗಳಲ್ಲಿ ಹರಿಯುತ್ತವೆ ಎಂಬುದು ಈ ವೈದ್ಯದ ತಳಹದಿ. ಹರಿವು ಕಟ್ಟಿದಲ್ಲಿ ನೋವು ಎಂಬುದು ಅಲ್ಲಿ ಗಾದೆಯಷ್ಟೇ ರೂಢಿಯ ಮಾತು. ನೋವಿನ ಜಾಗ ಯಾವ ದಾರಿ ಕಟ್ಟಿದೆ ಎಂಬುದರ ಸುಳಿವು. ಹಣೆ ನೋಯುತ್ತಿದ್ದರೆ ಯಾಂಗ್‌ಮಿಂಗ್, ಕಣತಲೆಯ ಪಕ್ಕಗಳಾದರೆ ಶಾವ್‌ಯಾಂಗ್, ಹೆಡತಲೆಯಿಂದ ಕತ್ತಿಗಿಳಿದರೆ ತಾಯ್‌ಯಾಂಗ್, ನೆತ್ತಿಯಾದರೆ ಜ್ಯುಯೆಯಿನ್. ನಾವು ಅರೆತಲೆನೋವು ಎನ್ನುವುದು ಹೆಚ್ಚಾಗಿ ಶಾವ್‌ಯಾಂಗ್ ಪಾಲಿಗೆ ಬರುತ್ತದೆ.

ಜಾಗ ತಿಳಿದ ಮೇಲೆ ಕಾರಣ. ನೆಗಡಿಯ ಜತೆ ದಿಢೀರನೆ ಬಂದ ನೋವಾದರೆ ಹೊರಗಿನಿಂದ ‘ಗಾಳಿ’ ಹೊಕ್ಕಿದೆ, ಅದು ಚಳಿಯನ್ನೋ ಕಾವನ್ನೋ ತೇವವನ್ನೋ ಹೊತ್ತು ತಂದಿದೆ ಎನ್ನುತ್ತಾರೆ. ತಿಂಗಳುಗಟ್ಟಲೆ ಕಾಡುವ ನೋವಿಗೆ ಕಾರಣವನ್ನು ಒಳಗೆ ಹುಡುಕುತ್ತಾರೆ. ಸಿಟ್ಟು, ಒತ್ತಡದಿಂದ ‘ಪಿತ್ತಜನಕಾಂಗದ ಯಾಂಗ್’, ಅಂದರೆ ಅದರ ಬಿಸಿ ಶಕ್ತಿ, ಮೇಲಕ್ಕೆ ಉಕ್ಕಿರಬಹುದು, ಕಫ ಕಟ್ಟಿರಬಹುದು, ರಕ್ತ ಸಾಲದಿರಬಹುದು. ಇಲ್ಲಿ ಪಿತ್ತಜನಕಾಂಗ ಎಂದರೆ ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಗವಷ್ಟೇ ಅಲ್ಲ. ಸಿಟ್ಟು, ಕಣ್ಣು, ಸ್ನಾಯುರಜ್ಜು ಎಲ್ಲವನ್ನೂ ಅದರ ಲೆಕ್ಕಕ್ಕೇ ಬರೆದಿದ್ದಾರೆ.

ತಲೆ ನೋವಾದರೆ ಕಾಲಿಗೆ ಸೂಜಿ

ಕಟ್ಟಿದ ದಾರಿ ತೆರೆಯಲು ಬಳಸುವ ಅಕ್ಯುಪಂಕ್ಚರ್ ಸೂಜಿ ತೀರಾ ಸಪೂರ. ಕತ್ತಿನ ಮೇಲ್ತುದಿಯಲ್ಲಿ, ತಲೆಬುರುಡೆಯ ಅಂಚಿನ ಕೆಳಗಿನ ಎರಡು ಕುಳಿಗಳಿಗೆ ಫೆಂಗ್‌ಚಿ, ಅಂದರೆ ‘ಗಾಳಿಯ ಕೊಳ’ ಎಂದು ಹೆಸರು. ತಲೆನೋವಿಗೆ ಇಲ್ಲಿ ಚುಚ್ಚುವುದು ಸಾಮಾನ್ಯ. ಹೆಬ್ಬೆರಳು ತೋರುಬೆರಳುಗಳ ನಡುವಿನ ಹೆಗು, ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವಿನಿಂದ ಸ್ವಲ್ಪ ಮೇಲಿರುವ ತಾಯ್‌ಚುಂಗ್ ಕೂಡ ಬಳಕೆಯಲ್ಲಿವೆ. ಮೇಲಕ್ಕೆ ಉಕ್ಕಿದ್ದನ್ನು ಕೆಳಗಿನಿಂದ ಎಳೆಯಬೇಕು ಎಂಬುದು ಕಾಲಿಗೆ ಚುಚ್ಚುವುದರ ಹಿಂದಿನ ತರ್ಕ. ಸೂಜಿ ಹೊಕ್ಕಾಗ ಆ ಜಾಗ ಭಾರವಾಗಿ ಜೋಮು ಹಿಡಿದಂತಾದರೆ ‘ಚೀ ಬಂತು’ ಎನ್ನುತ್ತಾರೆ. ಆಮೇಲೆ 20–30 ನಿಮಿಷ ಹಾಗೇ ಬಿಡುತ್ತಾರೆ. ಗರ್ಭಿಣಿಯರಿಗೆ ಹೆಗು ಬಿಂದುವನ್ನು ಸಂಪ್ರದಾಯವೇ ನಿಷೇಧಿಸಿದೆ.

ಚಹಾದಲ್ಲಿ ಕದಡುವ ಪುಡಿ

ಗಾಳಿಯ ತಲೆನೋವಿಗೆ ಹೆಸರಾದ ಮದ್ದು ‘ಚುವಾನ್‌ಶ್ಯುಂಗ್ ಚಾ ತಿಯಾವ್ ಸಾನ್’. ಸುಂಗ್ ಅರಸರ ಕಾಲದ ಸರಕಾರಿ ಔಷಧಾಲಯದ ಗ್ರಂಥದಲ್ಲಿ ಇದರ ಅಳತೆ ಸಿಗುತ್ತದೆ: 8 ಪಾಲು ಪುದೀನ ಜಾತಿಯ ಸೊಪ್ಪು, 4 ಪಾಲು ಚುವಾನ್‌ಶ್ಯುಂಗ್ ಗೆಡ್ಡೆ, ಜತೆಗೆ ಇನ್ನಾರು ಮೂಲಿಕೆಗಳು. ಇಲ್ಲೂ ಅದೇ ನಕ್ಷೆ. ಚುವಾನ್‌ಶ್ಯುಂಗ್ ಪಕ್ಕತಲೆ ಮತ್ತು ನೆತ್ತಿಗೆ, ಬಾಯ್‌ಜ಼ಿ ಬೇರು ಹಣೆಗೆ, ಚಿಯಾಂಗ್‌ಹ್ವೊ ಹೆಡತಲೆಗೆ. ಊಟವಾದ ಮೇಲೆ ತಿಳಿ ಚಹಾದಲ್ಲಿ ಕದಡಿ ಕುಡಿಯಬೇಕು. ಈ ಮೂಲಿಕೆಗಳಲ್ಲಿ ಹೆಚ್ಚಿನವು ಮೇಲಕ್ಕೇರುವ ಗುಣದವು. ಚಹಾದ ಕಹಿ ಮತ್ತು ತಂಪು ಅವನ್ನು ಹದದಲ್ಲಿ ಇಡುತ್ತದಂತೆ.

ಎಷ್ಟು ನಂಬಬೇಕು?

‘ಚೀ’ಯನ್ನಾಗಲಿ ಅದರ ದಾರಿಗಳನ್ನಾಗಲಿ ಯಾವ ಉಪಕರಣವೂ ತೋರಿಸಿಲ್ಲ. ಆದರೆ ಸೂಜಿಯನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಆಗಾಗ ಬರುವ ಮೈಗ್ರೇನ್ ಬಗ್ಗೆ ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ 22 ಪ್ರಯೋಗಗಳನ್ನು ಒಟ್ಟುಗೂಡಿಸಿತು. ನಿಜವಾದ ಅಕ್ಯುಪಂಕ್ಚರ್ ಪಡೆದ 100ರಲ್ಲಿ 50 ಮಂದಿಗೆ ತಲೆನೋವು ಬರುವುದು ಅರ್ಧಕ್ಕಿಳಿದಿತ್ತು. ಸೋಗಿನ ಚಿಕಿತ್ಸೆ ಪಡೆದವರಲ್ಲಿ 41 ಮಂದಿಗೆ. ಪ್ರಯೋಜನ ಇದೆ, ಆದರೆ ಸರಿಯಾದ ಬಿಂದುವಿಗೇ ಚುಚ್ಚಿದ್ದರಿಂದ ಸಿಕ್ಕ ಲಾಭ ಅದರಲ್ಲಿ ಸಣ್ಣ ಪಾಲು. ಚಿಕಿತ್ಸೆಗೆ ಮಾರ್ಗದರ್ಶನ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2012ರ ಮಾರ್ಗಸೂಚಿಯಲ್ಲಿ, ತಲೆನೋವು ಮರುಕಳಿಸದಂತೆ 5–8 ವಾರಗಳಲ್ಲಿ 10ರವರೆಗೆ ಅಕ್ಯುಪಂಕ್ಚರ್ ಸರದಿ ಪರಿಗಣಿಸಬಹುದು ಎಂದಿದೆ.

ಮೂಲಿಕೆಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮೇಲಿನ ಪುಡಿಗೆ ಸೇರುವ ಶಿಶಿನ್, ನಮ್ಮ ಈಶ್ವರಿ ಬಳ್ಳಿಯ ಕುಟುಂಬದ್ದು. ಆ ಕುಟುಂಬದ ಹಲವು ಗಿಡಗಳಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರನ್ನೂ ತರಬಲ್ಲದು. ಬಿಡಿ ಪುಡಿ ತರಿಸಿ ಕುಡಿಯುವ ಸಾಹಸ ಬೇಡ.

ನೋವು ಸಿಡಿಲಿನಂತೆ ಎರಗಿದರೆ, ಜ್ವರದೊಡನೆ ಕತ್ತು ಸೆಟೆದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ತಲೆಗೆ ಪೆಟ್ಟು ಬಿದ್ದಿದ್ದರೆ, ವಯಸ್ಸು 50 ದಾಟಿದ ಮೇಲೆ ಹೊಸದಾಗಿ ಶುರುವಾದರೆ ಸೂಜಿಯೂ ಬೇಡ, ಚಹಾವೂ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಉಳಿದ ದಿನಗಳಲ್ಲಿ ಆ ವೈದ್ಯರ ಪ್ರಶ್ನೆಗಳನ್ನು ಮಾತ್ರ ಎರವಲು ಪಡೆಯಿರಿ. ಎಲ್ಲಿ ನೋಯಿತು, ಹೇಗೆ, ಏನು ಮಾಡಿದ ಮೇಲೆ ಅಂತ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಗೀಚಿಡಿ. ನರರೋಗ ತಜ್ಞರು ಕೇಳುವುದೂ ಅದನ್ನೇ.